ರೋವನ್ ಮರದ ನೆಂಟಸ್ತಿಕೆ

ಗಿಡ ಬೆಳೆಸುವವರಲ್ಲಿ ಎರಡು ಪಂಗಡಗಳುಂಟು. ತಮ್ಮ ಹಿತ್ತಿಲಿನಲ್ಲಿರುವುದು ನೆರೆಯವರ ಹಿತ್ತಿಲಿನಲ್ಲಿ ಇಲ್ಲವಲ್ಲ ಎಂದು ಸಂತೋಷಪಡುವವರು ಒಂದು ಪಂಗಡ. ಇಲ್ಲವಲ್ಲ ಎಂದು ಸಂಕಟಪಡುವವರು ಇನ್ನೊಂದು ಪಂಗಡ. ನನ್ನ ತಂದೆಯವರು ಮೊದಲನೆಯ ಪಂಗಡಕ್ಕೆ ಸೇರಿದವರು. ಸಾಗರದ ಕಡೆಯ ನಮ್ಮ ಹಳ್ಳಿಯಲ್ಲಿ, ಹಳ್ಳದ ಅಂಚಿನಲ್ಲಿ, ನಮ್ಮದೊಂದು ಅಪ್ಪೆಮಿಡಿಯ ಮರವಿತ್ತು. ಅದರ ಮಿಡಿಯ ಸೊನೆಯ ವಾಸನೆ ಜಾಡಿಯ ಮುಚ್ಚಳ ತೆಗೆದರೆ ನಡುಮನೆಯವರೆಗೂ ಬರುತ್ತಿತ್ತು. ಕಸಿಗೆಂದು ಕಡ್ಡಿ ಕೇಳಿಕೊಂಡು ಬಂದವರಿಗೆ ತಂದೆಯವರು ಕಾಫಿ ಕೊಟ್ಟು ಕಳುಹಿಸುತ್ತಿದ್ದರೇ ಹೊರತು ಕಡ್ಡಿ ಕೊಡುತ್ತಿರಲಿಲ್ಲ. ಒಂದು ಮಳೆಗಾಲದಲ್ಲಿ ಹಳ್ಳದ ದಂಡೆ ಕುಸಿದು ಮರ ಬುಡಮೇಲಾಯಿತು. ಮರುವರ್ಷ ಉಪ್ಪಿನಕಾಯಿ ಹಾಕುವಾಗ ನಮ್ಮ ತಾಯಿ, “ಆ ದಿನ ಒಂದು ಕಡ್ಡಿ ಕೊಟ್ಟಿದ್ದರೆ ಈ ದಿನ ನಾವೇ ಹೋಗಿ ಕೇಳಿ ತರಬಹುದಾಗಿತ್ತು” ಎಂದರು. ತಂದೆಯವರು ಏನೂ ಹೇಳಲಿಲ್ಲ. ಎರಡನೆಯ ಪಂಗಡದವರನ್ನು ನಾನು ಸಮೀಪದಿಂದ ಕಂಡುದು ನನ್ನ ಎಪ್ಪತ್ತನೆಯ ವಯಸ್ಸಿನ ಮೇಲೆ, ಸ್ಕಾಟ್ಲೆಂಡಿನಲ್ಲಿ. ಆ ಸಂಗತಿಯನ್ನು ವಾಚಕರಿಗೆ ತಿಳಿಸಬೇಕೆಂಬುದೇ ಈ ಲೇಖನದ ಉದ್ದೇಶ.

ನಾನು ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಚರಿತ್ರೆ ಕಲಿಸಿದವನು. ಸಸ್ಯಶಾಸ್ತ್ರದಲ್ಲಿ ನನಗೆ ಪರಿಶ್ರಮವಿದೆಯೆಂದು ಯಾರೂ ಭಾವಿಸಬಾರದು. ೨೦೨೨ರ ಆಗಸ್ಟಿನಲ್ಲಿ ಮಗನ ಮನೆಗೆಂದು ಪೀಬಲ್ಸ್ ಎಂಬ ಊರಿಗೆ ಹೋದೆ. ಎಡಿನ್‌ಬರೋ ನಗರಕ್ಕೆ ದಕ್ಷಿಣದಲ್ಲಿ, ಟ್ವೀಡ್ ನದಿಯ ದಂಡೆಯ ಮೇಲಿರುವ ಚಿಕ್ಕ ಊರು ಅದು. ಸುತ್ತಲೂ ಬೋಳು ಬೋಳಾದ ದುಂಡು ಬೆಟ್ಟಗಳು; ಬೆಟ್ಟದ ಮೇಲೆ ಸುಣ್ಣದ ಚುಕ್ಕಿಯಿಟ್ಟಂತೆ ಕುರಿಗಳು. ಮಗ, ಸೊಸೆ ಕೆಲಸಕ್ಕೆ ಹೋದರೆ, ಮೊಮ್ಮಗಳು ಶಾಲೆಗೆ ಹೋದರೆ, ಹಗಲೆಲ್ಲ ನಾನೊಬ್ಬನೆ. ಹಿತ್ತಿಲಿನ ಮೋಟುಗೋಡೆಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಬಿಸಿಲು ಬರುವುದನ್ನು ಕಾಯುವುದೇ ನನ್ನ ಉದ್ಯೋಗವಾಗಿತ್ತು.

ಒಂದು ದಿನ ಗೋಡೆಯ ಆಚೆಯಿಂದ ಒಂದು ಮುಖ ಕಾಣಿಸಿತು. ಎಂಬತ್ತು ದಾಟಿದ ಹೆಂಗಸು. ಬೆಳ್ಳಗೆ ಹೊಳೆಯುವ ತಲೆಗೂದಲು, ಮಣ್ಣಾದ ಕೈ. ನನ್ನನ್ನು ನೋಡಿ, “ನೀವು ಇಂಡಿಯದವರಲ್ಲವೆ? ಬನ್ನಿ, ನಿಮ್ಮ ಊರಿನ ಮರ ನಮ್ಮಲ್ಲಿದೆ, ತೋರಿಸುತ್ತೇನೆ” ಎಂದರು. ಹಲಸೋ ಮಾವೋ ಇರಲಾರದೆಂಬುದು ಗೊತ್ತಿದ್ದರೂ ಕುತೂಹಲದಿಂದ ಹೋದೆ. ಆಳೆರಡಾಳಿನ ಎತ್ತರದ ಒಂದು ಮರ. ಗರಿಯಂಥ ಎಲೆಗಳ ನಡುವೆ ಮುತ್ತಿನ ಗೊಂಚಲುಗಳಂತೆ ಬೆಳ್ಳನೆಯ ಹಣ್ಣುಗಳು. ನಾನು ಹುಟ್ಟಿದ ಮೇಲೆ ಅಂಥ ಮರವನ್ನು ಕಂಡಿರಲಿಲ್ಲ. ಹಾಗೆಂದು ಹೇಳಿದಾಗ ಆಕೆಯ ಮುಖ ಸ್ವಲ್ಪ ಸಣ್ಣದಾಯಿತು. ಅದು ಕಾಶ್ಮೀರದ ರೋವನ್. ಶಾಸ್ತ್ರಜ್ಞರು ‘ಸಾರ್ಬಸ್ ಕಾಶ್ಮೀರಿಯಾನ’ ಎನ್ನುತ್ತಾರೆ. ಪಶ್ಚಿಮ ಹಿಮಾಲಯದ ಗಿಡ. ನಮ್ಮೂರಿನಿಂದ ಕಾಶ್ಮೀರಕ್ಕಿರುವ ದೂರವನ್ನು ನಾನು ವಿವರಿಸಿದೆ. ಆ ದೂರದಲ್ಲಿ ಯೂರೋಪಿನ ನಾಲ್ಕಾರು ದೇಶಗಳು ಹಿಡಿಸುತ್ತವೆಂದೆ. ಆಕೆ ಒಪ್ಪಲಿಲ್ಲ. “ಇರಲಿ, ದೂರದ ನೆಂಟನಾದರೂ ನೆಂಟನೆ” ಎಂದರು. ಆ ದಿನದಿಂದ ನಮ್ಮ ಪರಿಚಯ ಬೆಳೆಯಿತು. ನಾನು ಮನಸ್ಸಿನಲ್ಲಿಯೇ ಅವರನ್ನು ‘ದೊಡ್ಡಕ್ಕ’ ಎಂದು ಕರೆಯತೊಡಗಿದೆ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಕಾಶ್ಮೀರದ ಮರದ ಹಿಂದೆ, ಹಿತ್ತಿಲಿನ ಕೊನೆಯಲ್ಲಿ, ಮತ್ತೊಂದು ದೊಡ್ಡ ಮರವಿತ್ತು. ಅದು ಆ ನಾಡಿನದೇ ಆದ ರೋವನ್. ಬೇವಿನ ಎಲೆಯನ್ನು ಕಂಡವರಿಗೆ ರೋವನ್ನಿನ ಎಲೆಯನ್ನು ಬೇರೆ ವರ್ಣಿಸಬೇಕಾಗಿಲ್ಲ. ಅದೇ ಬಗೆಯ ಕಡ್ಡಿ, ಎರಡೂ ಪಕ್ಕದಲ್ಲಿ ಅದೇ ಬಗೆಯ ಗರಗಸದಂಚಿನ ಉದ್ದುದ್ದ ಎಲೆಗಳು. ನೆಂಟಸ್ತಿಕೆ ಮಾತ್ರ ಬೇವಿನೊಡನೆ ಅಲ್ಲ. ಗುಲಾಬಿ, ಸೇಬುಗಳ ಕುಲದೊಡನೆ. ಮೇ ಜೂನ್ ತಿಂಗಳಲ್ಲಿ ಕೆನೆಬಣ್ಣದ ಹೂವಿನ ಗೊಂಚಲು. ಆಗಸ್ಟ್ ಸೆಪ್ಟೆಂಬರಿನಲ್ಲಿ ಕಡಲೆಕಾಳಿನಷ್ಟು ಗಾತ್ರದ ಕೆಂಪು ಹಣ್ಣು. ಒಂದು ಹಣ್ಣನ್ನು ಕಿತ್ತು ತೊಟ್ಟಿನ ಎದುರು ಬದಿಯನ್ನು ನೋಡಿದರೆ ಐದು ಮೂಲೆಯ ನಕ್ಷತ್ರವೊಂದು ಕಾಣುತ್ತದೆ. ಪುಟ್ಟ ಸೇಬೆಂದೇ ಹೇಳಬೇಕು. ಲಿನೇಯಸ್ ಪಂಡಿತನು ೧೭೫೩ರಲ್ಲಿ ಅದಕ್ಕೆ ‘ಸಾರ್ಬಸ್ ಆಕ್ಯುಪೇರಿಯಾ’ ಎಂದು ಹೆಸರಿಟ್ಟನು. ಎರಡನೆಯ ಪದಕ್ಕೆ ಹಕ್ಕಿ ಹಿಡಿಯುವುದೆಂಬ ಅರ್ಥದ ಲ್ಯಾಟಿನ್ ಮಾತು ಮೂಲ. ಹಕ್ಕಿಗಳಿಗೆ ಈ ಹಣ್ಣಿನ ಮೇಲೆ ಅಷ್ಟು ಆಸೆ. ಹಿಂದೆ ಬೇಡರು ಅದನ್ನೇ ಆಮಿಷವಾಗಿ ಬಳಸುತ್ತಿದ್ದರು.

ಬ್ರಿಟನ್ನಿನಲ್ಲಿ ಬೆಟ್ಟದ ಮೇಲೆ ಇಷ್ಟು ಎತ್ತರಕ್ಕೆ ಹತ್ತುವ ಮರ ಬೇರೊಂದಿಲ್ಲ. ಸುಮಾರು ೩,೦೦೦ ಅಡಿಯಲ್ಲಿಯೂ ಬಂಡೆಯ ಸೀಳಿನಲ್ಲಿ ಬೇರೂರಿ ನಿಲ್ಲುತ್ತದೆ. ಆದುದರಿಂದಲೇ ಏನೋ ಬೆಟ್ಟದ ಜನಕ್ಕೆ ಅದರಲ್ಲಿ ವಿಶ್ವಾಸ. ಮನೆಯ ಬಾಗಿಲಲ್ಲಿ ರೋವನ್ ಇದ್ದರೆ ಮಾಟ ಮಂತ್ರ ಒಳಗೆ ಬರುವುದಿಲ್ಲವೆಂದು ನಂಬಿಕೆ. ಅದನ್ನು ಕಡಿಯುವುದು ಅಶುಭ. ಕೊಂಬೆಯನ್ನು ಕೆಂಪು ದಾರದಿಂದ ಕಟ್ಟಿ ಕೊಟ್ಟಿಗೆಯ ಮೇಲೆ ತೂಗುಹಾಕುತ್ತಿದ್ದರು. ಸ್ಕಾಟ್ಲೆಂಡಿನ ಅರಸನಾದ ಆರನೆಯ ಜೇಮ್ಸನು ೧೫೯೭ರಲ್ಲಿ ಮಾಟದ ವಿಷಯವಾಗಿ ಬರೆದ ‘ಡೀಮನಾಲಜಿ’ ಎಂಬ ಗ್ರಂಥದಲ್ಲಿ, ದೃಷ್ಟಿ ತಾಗದಿರಲೆಂದು ದನಗಳ ಬಾಲಕ್ಕೆ ರೋವನ್ ಕಟ್ಟುವ ವಾಡಿಕೆಯನ್ನು ಹೆಸರಿಸಿದ್ದಾನೆ. ಸಂತೆಯಿಂದ ತಂದ ಎಮ್ಮೆಯ ಕೊರಳಿಗೆ ಕರಿದಾರ ಕಟ್ಟಿದ ನಾಡಿನವನಾದ ನನಗೆ ಇದು ವಿಚಿತ್ರವೆನಿಸಲಿಲ್ಲ. ಮನಸ್ಸನ್ನು ಕಲಕಿದ್ದು ಬೇರೆ. ೧೮, ೧೯ನೆಯ ಶತಮಾನಗಳಲ್ಲಿ ಕುರಿ ಸಾಕಣೆ ಲಾಭದಾಯಕವೆಂದು ಉತ್ತರದ ಬೆಟ್ಟಸೀಮೆಯ ಒಡೆಯರು ಒಕ್ಕಲುಗಳನ್ನು ಎಬ್ಬಿಸಿ ಓಡಿಸಿದರು. ಆ ಹಳ್ಳಿಗಳ ಸೂರು ಬಿದ್ದಿದೆ, ಗೋಡೆ ಮೊಣಕಾಲೆತ್ತರಕ್ಕೆ ಇಳಿದಿದೆ. ಆದರೆ ಬಾಗಿಲಿದ್ದ ಜಾಗದಲ್ಲಿ ರೋವನ್ ಮರಗಳು ಈಗಲೂ ಕಾಣುತ್ತವೆ. ಮನೆಯನ್ನು ಕಾಯಲೆಂದು ನೆಟ್ಟುದು, ಕಾಯಬೇಕಾದ ಮನೆಯೇ ಇಲ್ಲದೆ ಹೋದ ಮೇಲೂ ನಿಂತಿದೆ.

ದೊಡ್ಡಕ್ಕನ ಮರಕ್ಕೂ ಒಂದು ಕಥೆಯಿತ್ತು. ಅವರ ತಂದೆ ಬೆಟ್ಟದ ಮೇಲಿನ ಕುರಿಗಾಹಿ. ೧೯೫೧ರಲ್ಲಿ ಕೆಲಸ ಬಿಟ್ಟು ಊರಿಗೆ ಇಳಿದು ಬಂದಾಗ, ಅವರ ತಾಯಿ ತೊರೆಯ ದಂಡೆಯಿಂದ ಗೇಣುದ್ದದ ಸಸಿಯೊಂದನ್ನು ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಪಾತ್ರೆ ಪಗಡೆಗಳ ಜೊತೆಗೆ ಗಾಡಿಯಲ್ಲಿ ತಂದರಂತೆ. ದೊಡ್ಡಕ್ಕನಿಗೆ ಆಗ ಹದಿಮೂರು ವರ್ಷ. ಅವರು ಮದುವೆಯಾದುದು, ಗಂಡನನ್ನು ಕಳೆದುಕೊಂಡುದು, ಮಗಳನ್ನು ಬೇರೆ ಊರಿಗೆ ಕಳುಹಿಸಿದುದು, ಎಲ್ಲವೂ ಆ ಮನೆಯಲ್ಲಿ, ಆ ಮರದೆದುರು.

ಗಿಡ ಕೊಡುವುದು ದೊಡ್ಡಕ್ಕನಿಗೆ ಒಂದು ವ್ರತದಂತೆ ಇತ್ತು. ಅಡುಗೆಮನೆಯ ಕಿಟಕಿಯ ಹೊರಗೆ ಸಾಲಾಗಿ ಖಾಲಿ ಮೊಸರಿನ ಡಬ್ಬಿಗಳು, ಪ್ರತಿಯೊಂದರಲ್ಲಿಯೂ ಒಂದು ಸಸಿ. ಬೀದಿಯಲ್ಲಿ ಹೊಸದಾಗಿ ಯಾರಾದರೂ ಬಂದು ಮನೆ ಹಿಡಿದರೆ, ವಾರದೊಳಗೆ ಅವರ ಮೆಟ್ಟಿಲ ಮೇಲೆ ಒಂದು ಡಬ್ಬಿ ಕಾಣಿಸಿಕೊಳ್ಳುತ್ತಿತ್ತು. ಆ ನಾಡಿನಲ್ಲಿ ಇಂಥವರು ಬಹಳ ಮಂದಿ ಇದ್ದಾರೆ. ೧೯೩೩ರಲ್ಲಿ ಸ್ಥಾಪಿತವಾದ ‘ಸ್ಕಾಟಿಷ್ ರಾಕ್ ಗಾರ್ಡನ್ ಕ್ಲಬ್’ ಎಂಬ ಸಂಘವೊಂದಿದೆ. ಅದರ ಸದಸ್ಯರು ತಮ್ಮ ತೋಟದ ಬೀಜಗಳನ್ನು ಕಳುಹಿಸುತ್ತಾರೆ, ಸಂಘ ಅವುಗಳನ್ನು ಚಿಕ್ಕ ಚಿಕ್ಕ ಪೊಟ್ಟಣಗಳಲ್ಲಿ ಬೇಕೆಂದವರಿಗೆ ಹಂಚುತ್ತದೆ. ನಮ್ಮಲ್ಲಿಯೂ ಸೇವಂತಿಗೆಯ ಹಿಳ್ಳು, ದಾಸವಾಳದ ಕಡ್ಡಿ ಬೇಲಿಯಿಂದ ಬೇಲಿಗೆ ನಡೆದಾಡುವುದಿಲ್ಲವೆ? ಕೇಳಿ ತಂದುದಕ್ಕಿಂತ ಕದ್ದು ತಂದ ಗಿಡ ಚೆನ್ನಾಗಿ ಬರುತ್ತದೆಂಬ ಮಾತೂ ನಮ್ಮಲ್ಲುಂಟು. ಅದನ್ನು ಹೇಳಿದಾಗ ದೊಡ್ಡಕ್ಕ ನಕ್ಕು, “ಕಳ್ಳನಿಗೆ ಅದನ್ನು ಸಾಯಗೊಡಲು ನಾಚಿಕೆ” ಎಂದರು.

ಆ ಬೀದಿಯ ಹನ್ನೊಂದು ಹಿತ್ತಿಲುಗಳಲ್ಲಿ ಕಾಶ್ಮೀರದ ಬಿಳಿ ಹಣ್ಣು ಕಾಣುತ್ತಿತ್ತು. ಎಲ್ಲವೂ ದೊಡ್ಡಕ್ಕನ ಮರದ ಬೀಜದಿಂದ ಬಂದುವು. ಅವುಗಳ ಎಲೆ, ಹೂವು, ಹಣ್ಣು, ನಿಲುವು, ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯ ಭೇದವಿಲ್ಲ. ಇದರ ರಹಸ್ಯವನ್ನು ಆಕೆಯೇ ತಿಳಿಸಿದರು. ಹಿಮಾಲಯ, ಚೀನ ದೇಶಗಳ ಅನೇಕ ಜಾತಿಯ ರೋವನ್ ಮರಗಳಲ್ಲಿ ಬೀಜವು ಗಂಡು ಹೆಣ್ಣಿನ ಕೂಡಿಕೆಯಿಂದ ಆಗುವುದಿಲ್ಲ. ತಾಯಿಯ ಅಂಶವೊಂದೇ ಬೀಜವಾಗುತ್ತದೆ. ಆದುದರಿಂದ ಮಗಳು ತಾಯಿಯ ಪಡಿಯಚ್ಚು. ಲಿವರ್‌ಪೂಲ್ ವಿಶ್ವವಿದ್ಯಾಲಯದ ನೆಸ್ ಸಸ್ಯೋದ್ಯಾನದಲ್ಲಿ ಹ್ಯೂ ಮೆಕ್‌ಆಲಿಸ್ಟರ್ ಎಂಬ ವಿದ್ವಾಂಸರು ಈ ಕುಲದ ಅಧ್ಯಯನದಲ್ಲಿ ಹಲವು ದಶಕಗಳನ್ನು ಕಳೆದರು. ೨೦೦೫ರಲ್ಲಿ ಅವರ ಗ್ರಂಥವನ್ನು ಕ್ಯೂ ಸಸ್ಯೋದ್ಯಾನದವರು ಪ್ರಕಟಿಸಿದರು. ಕಸಿ ಕಟ್ಟಲು ಬಾರದ ನಮ್ಮಂಥವರೂ ಇಂಥ ಜಾತಿಗಳ ಬೀಜ ಬಿತ್ತಿ, ತಾಯಿಮರದಂಥದೇ ಮರವನ್ನು ನೆರೆಯವರಿಗೆ ಕೊಡಬಹುದು.

ಸ್ಕಾಟ್ಲೆಂಡಿನ ಕೆಂಪು ರೋವನ್ನಿನ ನಡತೆ ಹೀಗಲ್ಲ. ಅದಕ್ಕೆ ಇನ್ನೊಂದು ಮರದ ಪರಾಗ ಬೇಕು. ಹುಟ್ಟುವ ಪ್ರತಿಯೊಂದು ಸಸಿಯೂ ತಾಯಿಯನ್ನು ಹೋಲುತ್ತದೆ, ಆದರೆ ತಾಯಿಯಲ್ಲ. ತಂದೆ ಯಾವ ಬೆಟ್ಟದವನೋ ತಿಳಿಯದು. ಒಂದೇ ಮರವು ನೂರು ಹಿತ್ತಿಲುಗಳಲ್ಲಿ ಇರುವುದು ಕಾಶ್ಮೀರದ ರೀತಿ. ಒಂದು ಮರದಿಂದ ನೂರು ಬೇರೆ ಬೇರೆ ಮರಗಳಾಗುವುದು ಈ ನಾಡಿನ ರೀತಿ. ಹೀಗಿದ್ದರೂ ತಾಯಿ ನೆಟ್ಟ ಆ ಮರದಿಂದ ದೊಡ್ಡಕ್ಕ ಒಂದೇ ಒಂದು ಸಸಿಯನ್ನೂ ಮಾಡಿರಲಿಲ್ಲ. “ಬೆಟ್ಟದ ತುಂಬ ಇರುವ ಮರ, ಯಾರು ಕೇಳುತ್ತಾರೆ ಎಂದುಕೊಂಡಿದ್ದೆ” ಎಂದರು. ಆ ವರ್ಷ ಅವರಿಗೆ ಎಂಬತ್ತನಾಲ್ಕು ತುಂಬಿತ್ತು. ಮರದ ಬುಡದ ಒಂದು ಪಕ್ಕದಲ್ಲಿ ಅಣಬೆ ಎದ್ದಿತ್ತು. ಮರ ಹಣ್ಣಿನ ಭಾರಕ್ಕೆ ಬಾಗಿತ್ತು. “ಈ ವರ್ಷ ಬಿತ್ತಬೇಕು. ನನ್ನ ಬೆರಳುಗಳು ನನ್ನ ಮಾತು ಕೇಳುವುದಿಲ್ಲ. ನೀವು ಬಿತ್ತಿಕೊಡಿ” ಎಂದು ಕೇಳಿದರು.

ಹೀಗೆ ಚರಿತ್ರೆಯ ಮೇಷ್ಟರು ಅಕ್ಟೋಬರಿನ ಒಂದು ಮಧ್ಯಾಹ್ನ ರೋವನ್ ಬಿತ್ತನೆಗೆ ಕುಳಿತುದಾಯಿತು. ಹಣ್ಣಿನ ತಿರುಳಿನಲ್ಲಿ ಮೊಳಕೆಯನ್ನು ತಡೆಯುವ ಗುಣವಿದೆ; ಹಕ್ಕಿಯ ಹೊಟ್ಟೆಯಲ್ಲಿ ತಿರುಳು ಕರಗಿ ಬೀಜ ಹೊರಬಿದ್ದರೆ ಸರಿ, ಇಲ್ಲವಾದರೆ ಆ ಕೆಲಸವನ್ನು ನಾವು ಮಾಡಬೇಕು. ಒಂದು ಬೋಗುಣಿ ಹಣ್ಣನ್ನು ನೀರಿನಲ್ಲಿ ಕಿವುಚಿದೆ. ತಿರುಳೂ ಜೊಳ್ಳೂ ತೇಲಿದುವು; ಎಳ್ಳಿಗಿಂತ ತುಸು ದೊಡ್ಡದಾದ ಕಂದು ಬೀಜಗಳು ತಳಕ್ಕಿಳಿದುವು. ನಾಲ್ಕು ಸಲ ತೊಳೆದು, ಮರಳು ಬೆರೆಸಿದ ಮಣ್ಣಿನಲ್ಲಿ ಬಿತ್ತಿ, ತೆಳುವಾಗಿ ಮಣ್ಣು ಮುಚ್ಚಿ, ಇಲಿ ಕೆದಕದಂತೆ ಮೇಲೆ ತಂತಿಬಲೆ ಹಾಸಿ, ಉತ್ತರದ ಗೋಡೆಯ ನೆರಳಿನಲ್ಲಿ ಕುಂಡವನ್ನಿಟ್ಟೆ. ನಮ್ಮ ನಾಡಿನಲ್ಲಿ ಬೀಜವನ್ನು ಎಬ್ಬಿಸುವುದು ಮಳೆ; ಅಲ್ಲಿ ಎಬ್ಬಿಸುವುದು ಚಳಿ. ತಿಂಗಳುಗಟ್ಟಲೆ ಹಿಮದಲ್ಲಿ ನೆನೆದ ಹೊರತು ರೋವನ್ ಬೀಜಕ್ಕೆ ವಸಂತ ಬಂದಿತೆಂಬ ನಂಬಿಕೆಯೇ ಹುಟ್ಟುವುದಿಲ್ಲ. ಕುಂಡ ನಮ್ಮ ಮನೆಯ ಕಡೆಯಲ್ಲಿಯೇ ಇರಲಿ, ಅಲ್ಲಿ ನೆರಳು ಹೆಚ್ಚು ಎಂದು ದೊಡ್ಡಕ್ಕ ಹೇಳಿದರು. ಇನ್ನೂ ಒಂದು ಮಾತು ಹೇಳಿದ್ದರೆಂದು ಕಾಣುತ್ತದೆ; ಅದನ್ನು ನಾನು ಗಮನವಿಟ್ಟು ಕೇಳಲಿಲ್ಲ.

ಉಳಿದ ಹಣ್ಣು ಜೆಲ್ಲಿಯಾಯಿತು. ಹಸಿ ಹಣ್ಣು ಕಹಿ ಮತ್ತು ಒಗರು. ತಿಂದರೆ ಹೊಟ್ಟೆ ಕೆಡುತ್ತದೆ. ಸೇಬಿನ ಜೊತೆಗೆ ಬೇಯಿಸಿ, ಸೋಸಿ, ಸಕ್ಕರೆ ಹಾಕಿ ಕಾಯಿಸಿದರೆ ಕೆಂಪಗೆ ಹೊಳೆಯುವ ಜೆಲ್ಲಿಯಾಗುತ್ತದೆ. ಅಲ್ಲಿಯ ಜನ ಮಾಂಸದೊಡನೆ ತಿನ್ನುತ್ತಾರೆ. ನಾನು ದೋಸೆಯೊಡನೆ ತಿಂದೆ, ನಷ್ಟವೇನೂ ಆಗಲಿಲ್ಲ. ರಸಾಯನಶಾಸ್ತ್ರಜ್ಞರಿಗೂ ಈ ಹಣ್ಣು ಉಪಕಾರ ಮಾಡಿದೆ. ಹಾಫ್‌ಮನ್ ಎಂಬ ಜರ್ಮನ್ ವಿಜ್ಞಾನಿಯು ೧೮೫೯ರಲ್ಲಿ ಇದರ ಎಣ್ಣೆಯಿಂದ ಸಾರ್ಬಿಕ್ ಆಮ್ಲವನ್ನು ಪಡೆದನು; ಇಂದು ಅಂಗಡಿಯ ತಿಂಡಿಗಳಿಗೆ ಬೂಷ್ಟು ಹಿಡಿಯದಂತೆ ಕಾಯುವ ವಸ್ತು ಅದೇ. ೧೮೭೨ರಲ್ಲಿ ಬೂಸಿಂಗೋ ಎಂಬ ಫ್ರೆಂಚ್ ವಿಜ್ಞಾನಿಯು ಸಾರ್ಬಿಟಾಲ್ ಎಂಬ ಸಿಹಿಯನ್ನು ಕಂಡುಹಿಡಿದುದೂ ಈ ಹಣ್ಣಿನಲ್ಲಿಯೇ. ಸಕ್ಕರೆ ಕಾಯಿಲೆಯವರಿಗೆಂದು ಮಾರುವ ಮಿಠಾಯಿಯ ಪೊಟ್ಟಣದ ಹಿಂಭಾಗದಲ್ಲಿ ಆ ಹೆಸರನ್ನು ನಾನು ಎಷ್ಟೋ ಸಲ ಓದಿದ್ದೆ. ಕಾಣದ ಮರವೊಂದರ ಹೆಸರನ್ನು ಓದುತ್ತಿದ್ದೇನೆಂದು ತಿಳಿದಿರಲಿಲ್ಲ.

೨೦೨೩ರ ಜನವರಿಯಲ್ಲಿ ಊರಿಗೆ ಮರಳಿದೆ. ಮೇ ತಿಂಗಳಲ್ಲಿ ಮತ್ತೆ ಹೋದೆ. ಹೋದವನೇ ಕುಂಡವನ್ನು ನೋಡಿದೆ. ಒಂದು ಮೊಳಕೆಯೂ ಇರಲಿಲ್ಲ. ಜೂನ್ ಕಳೆಯಿತು. ಮಣ್ಣಿನ ಮೇಲೆ ಹಾವಸೆ ಕಟ್ಟಿತು. ಜುಲೈನಲ್ಲಿ ಸೊಸೆ ಕೊತ್ತಂಬರಿ ಬಿತ್ತಲು ಕುಂಡ ಬೇಕೆಂದಳು. ಬೀಜ ಕೊಳೆತುಹೋಗಿದೆ, ಇನ್ನೇಕೆಂದು ನಾನು ಮಣ್ಣನ್ನು ಹಿತ್ತಿಲಿನ ಬೇಲಿಯ ಬುಡಕ್ಕೆ ಸುರುವಿ, ಕುಂಡವನ್ನು ತೊಳೆದುಕೊಟ್ಟೆ.

ಆ ವಾರದಲ್ಲಿಯೇ ದೊಡ್ಡಕ್ಕನ ಜೊತೆಗೆ ಕ್ಯಾರಿಫ್ರಾನ್ ಎಂಬ ಕಣಿವೆಗೆ ಹೋಗುವ ಏರ್ಪಾಡಾಗಿತ್ತು. ಮಗ ಕಾರಿನಲ್ಲಿ ಕರೆದುಕೊಂಡು ಹೋದ. ಮಾಫಟ್ ಬೆಟ್ಟಗಳ ನಡುವಿನ, ಸುಮಾರು ೧,೬೦೦ ಎಕರೆಯ ಆ ಕಣಿವೆ ಕುರಿ ಮೇಕೆಗಳ ಬಾಯಿಗೆ ಸಿಕ್ಕಿ ಶತಮಾನಗಳಿಂದ ಬೋಳಾಗಿತ್ತು. ಚಿಗುರು ಕಂಡರೆ ಕುರಿ ಬಿಡುವುದಿಲ್ಲ. ಮುದಿಮರ ಸತ್ತರೆ ಮರಿಯಿಲ್ಲ. ೧೯೯೦ರಲ್ಲಿ ಆ ಕಣಿವೆಯ ಮೇಲಿನ ಜವುಗಿನಲ್ಲಿ ಸುಮಾರು ೬,೦೦೦ ವರ್ಷ ಹಳೆಯದಾದ ಬಿಲ್ಲೊಂದು ಸಿಕ್ಕಿತು. ಯೂ ಮರದಲ್ಲಿ ಮಾಡಿದ್ದು. ಅಲ್ಲಿಯ ಜವುಗು ಮಣ್ಣಿನ ಪದರಗಳಲ್ಲಿ ಉಳಿದಿದ್ದ ಪರಾಗವನ್ನು ಪರೀಕ್ಷಿಸಿದಾಗ, ಹಿಂದೆ ಯಾವ ಯಾವ ಮರಗಳಿದ್ದುವೆಂಬುದು ತಿಳಿಯಿತು. ಪೀಬಲ್ಸ್ ಸುತ್ತಿನ ಕೆಲವರು ಸೇರಿ, ಜನರಿಂದ ಹಣ ಕೂಡಿಸಿ, ಕಣಿವೆಯನ್ನೇ ಕೊಂಡು, ಹಳೆಯ ಕಾಡನ್ನು ಮರಳಿ ಬೆಳೆಸಲು ನಿಶ್ಚಯಿಸಿದರು. ಮೊದಲ ಸಸಿಗಳನ್ನು ನೆಟ್ಟುದು ೨೦೦೦ದ ಜನವರಿ ೧ರಂದು. ನರ್ಸರಿಗಳಿಂದ ಬಂದುವು ಹಲವು. ಸುತ್ತಣ ಕಣಿವೆಗಳಲ್ಲಿ ಅಳಿದುಳಿದ ಮರಗಳ ಬೀಜ ಆಯ್ದು, ಜನ ತಮ್ಮ ತಮ್ಮ ಹಿತ್ತಿಲುಗಳಲ್ಲಿ ಬೆಳೆಸಿ ಕೊಟ್ಟುವೂ ಕೆಲವು. ದೊಡ್ಡಕ್ಕ ಹಾಗೆ ನೂರೈವತ್ತು ರೋವನ್ ಸಸಿಗಳನ್ನು ಕೊಟ್ಟಿದ್ದರು. ಇಂದು ಆ ಕಣಿವೆಯಲ್ಲಿ ಐದು ಲಕ್ಷಕ್ಕೂ ಹೆಚ್ಚು ಗಿಡಗಳನ್ನು ನೆಟ್ಟಿದ್ದಾರೆ.

ಕಣಿವೆಯ ತೊರೆಯ ಬಳಿ ಒಂದು ಹಳೆಯ ರೋವನ್ ಇದೆ. ಸುತ್ತಲೂ ಏನೂ ಇಲ್ಲದಿದ್ದ ಕಾಲದಲ್ಲಿ ಒಂಟಿಯಾಗಿ ಬದುಕಿ ಉಳಿದದ್ದು. ೨೦೨೦ರಲ್ಲಿ ಅದಕ್ಕೆ ಸ್ಕಾಟ್ಲೆಂಡಿನ ‘ವರ್ಷದ ಮರ’ವೆಂಬ ಗೌರವ ದೊರೆಯಿತು. ಈಗ ಅದು ಒಂಟಿಯಲ್ಲ. ದೊಡ್ಡಕ್ಕ ಕೋಲೂರಿಕೊಂಡು ನಿಂತು ಬೆಟ್ಟದ ಪಕ್ಕೆಯನ್ನು ತೋರಿಸಿ, ತಮ್ಮ ನೂರೈವತ್ತರಲ್ಲಿ ಯಾವುದು ಎಲ್ಲಿದೆಯೆಂದು ತಮಗೆ ಗೊತ್ತಿಲ್ಲವೆಂದರು. ಹಾಗೆ ಹೇಳುವಾಗ ಅವರ ಮುಖದಲ್ಲಿದ್ದುದು ವ್ಯಸನವಲ್ಲ. ಬಳಿಕ ನನ್ನ ಕಡೆ ತಿರುಗಿ, “ನಮ್ಮ ಕುಂಡ ಹೇಗಿದೆ? ಎರಡನೆಯ ವಸಂತಕ್ಕೆ ಖಂಡಿತ ಬರುತ್ತದೆ, ನೋಡುತ್ತಿರಿ” ಎಂದರು.

ನನಗೆ ಎದೆ ಧಸಕ್ಕೆಂದಿತು. ರೋವನ್ ಬೀಜಗಳಲ್ಲಿ ಕೆಲವು ಮೊದಲನೆಯ ವಸಂತದಲ್ಲಿ ಮೊಳೆಯುತ್ತವೆ. ಎಷ್ಟೋ ಬೀಜಗಳು ಮತ್ತೊಂದು ಚಳಿಗಾಲವನ್ನು ಕಂಡೇ ಏಳುತ್ತವೆ. ಹಿಂದಿನ ವರ್ಷ ಬಿತ್ತುವಾಗ ಅವರು ಹೇಳಿದ್ದ ಮಾತು ಅದೇ. ನಾನು ಕೇಳಿಸಿಕೊಳ್ಳದ ಮಾತು. ಅಲ್ಲಿ, ಆ ಒಂಟಿಮರದೆದುರು, ಸತ್ಯ ಹೇಳುವ ಧೈರ್ಯ ಬರಲಿಲ್ಲ. “ಹಾಗೆಯೇ ಇದೆ” ಎಂದೆ. ಮನೆಗೆ ಬಂದವನೇ ಬೇಲಿಯ ಬುಡವನ್ನು ಹುಡುಕಿದೆ. ಮಣ್ಣಿನಲ್ಲಿ ಮಣ್ಣು ಬೆರೆತುಹೋಗಿತ್ತು. ಎಳ್ಳಿನಷ್ಟು ಬೀಜವನ್ನು ಎಲ್ಲಿಂದ ಹೆಕ್ಕುವುದು? ಹೋಗಲಿ, ಈ ವರ್ಷದ ಹಣ್ಣಿನಿಂದ ಮತ್ತೆ ಬಿತ್ತಿದರಾಯಿತೆಂದು ಸಮಾಧಾನ ಮಾಡಿಕೊಂಡೆ. ಆದರೆ ಒಂದು ವರ್ಷ ಹೊರಲಾರದಷ್ಟು ಹೊತ್ತ ರೋವನ್ ಮರುವರ್ಷ ಬರಿದಾಗಿರುವುದುಂಟು. ೨೦೨೩ರಲ್ಲಿ ಆ ಮರದಲ್ಲಿ ಎಣಿಸಿದರೆ ನಾಲ್ಕು ಗೊಂಚಲುಗಳಿದ್ದುವು. ಹಣ್ಣಾಗುವ ಮುಂಚೆಯೇ ಹಕ್ಕಿಗಳು ಅವನ್ನು ಮುಗಿಸಿದುವು. ಅಕ್ಟೋಬರಿನಲ್ಲಿ ನಾನು ತಪ್ಪನ್ನು ಹೇಳದೆಯೇ ಊರಿಗೆ ಬಂದೆ.

೨೦೨೪ರ ಜನವರಿಯಲ್ಲಿ ‘ಈಶಾ’ ಎಂದು ಹೆಸರಿಟ್ಟ ಬಿರುಗಾಳಿ ಸ್ಕಾಟ್ಲೆಂಡಿಗೆ ಬಡಿಯಿತು. ಬುಡ ಟೊಳ್ಳಾಗಿದ್ದ ದೊಡ್ಡಕ್ಕನ ಮರ ಆ ರಾತ್ರಿ ಬಿದ್ದಿತೆಂದು ಮಗ ಫೋನಿನಲ್ಲಿ ತಿಳಿಸಿದ. ಮರದ ಸುದ್ದಿಯ ಹಿಂದೆಯೇ ಇನ್ನೊಂದು ಸುದ್ದಿ: ಆಕೆ ಮನೆಯಲ್ಲಿ ಜಾರಿ ಬಿದ್ದು, ಇನ್ನು ಒಬ್ಬರೇ ಇರಲಾಗದೆಂದು ಊರಿನ ಅಂಚಿನ ವೃದ್ಧಾಶ್ರಮಕ್ಕೆ ಸೇರಿದ್ದರು. ಹೋಗುವಾಗ, “ಮೇಷ್ಟರ ಕುಂಡವೊಂದಿದೆಯಲ್ಲ, ಅದಿದ್ದರೆ ಸಾಕು” ಎಂದು ಸೊಸೆಗೆ ಹೇಳಿಹೋಗಿದ್ದರಂತೆ. ಸೊಸೆಗೆ ಏನು ಹೇಳಬೇಕೆಂದು ತೋರಲಿಲ್ಲ. ನನಗೂ ತೋರಲಿಲ್ಲ. ಆ ರಾತ್ರಿ ನನಗೆ ನೆನಪಾದುದು ಹಳ್ಳದ ದಂಡೆಯ ಅಪ್ಪೆಮರ. ಕೊಡದೆ ಕಳೆದವರು ನನ್ನ ತಂದೆ. ಕೊಟ್ಟುದನ್ನು ಕಾಯದೆ ಕಳೆದವನು ನಾನು. ಇಬ್ಬರಲ್ಲಿ ಯಾರು ಹೆಚ್ಚು ತಪ್ಪಿತಸ್ಥರೆಂದು ನಾನು ತೀರ್ಮಾನಿಸಲಾರೆ.

ಮೇ ತಿಂಗಳಿನಲ್ಲಿ ಮೊಮ್ಮಗಳು ಒಂದು ಚಿತ್ರ ಕಳುಹಿಸಿದಳು. ಬೇಲಿಯ ಬುಡದಲ್ಲಿ ಪುಟ್ಟ ಪುಟ್ಟ ಸಸಿಗಳು. ಎರಡು ದುಂಡನೆಯ ಬೀಜದಳ, ಅವುಗಳ ನಡುವೆ ಗರಗಸದಂಚಿನ ಒಂದು ಎಲೆ. “ತಾತ, ಇದು ಕಳೆಯೆ?” ಎಂದು ಕೇಳಿದ್ದಳು. ರೋವನ್ನಿಗೆ ಗರಿಯಂಥ ಎಲೆ ಹುಟ್ಟಿನಿಂದ ಬರುವುದಿಲ್ಲ. ಮೊದಲ ಎಲೆ ಒಂಟಿ, ಬಳಿಕ ಮೂರರ ಎಲೆ, ಆಮೇಲೆ ಗರಿ. ಚಿತ್ರದಲ್ಲಿ ಏನೂ ನಿಶ್ಚಯವಾಗಲಿಲ್ಲ. ಕೀಳಬೇಡವೆಂದೆ. ಜುಲೈ ವೇಳೆಗೆ ಗರಿ ಮೂಡಿತು. ಆಗಸ್ಟಿನಲ್ಲಿ ನಾನು ಹೋಗಿ ನೋಡಿದಾಗ ಹದಿನಾಲ್ಕರಲ್ಲಿ ಮೂರನ್ನು ಬಸವನಹುಳು ತಿಂದಿತ್ತು, ಹನ್ನೊಂದು ಉಳಿದಿದ್ದುವು.

ಒಂದು ಸಸಿಯನ್ನು ಮೊಸರಿನ ಡಬ್ಬಿಗೆ ವರ್ಗಾಯಿಸಿಕೊಂಡು ವೃದ್ಧಾಶ್ರಮಕ್ಕೆ ಹೋದೆ. ದೊಡ್ಡಕ್ಕ ಕಿಟಕಿಯ ಬಳಿ ಕುಳಿತಿದ್ದರು, ಬಹಳ ಇಳಿದುಹೋಗಿದ್ದರು. ಡಬ್ಬಿಯನ್ನು ಕೈಯಲ್ಲಿಟ್ಟು, ಎಲ್ಲವನ್ನೂ ಹೇಳಿದೆ: ಕುಂಡ ಚೆಲ್ಲಿದ್ದು, ಕಣಿವೆಯಲ್ಲಿ ಸುಳ್ಳು ಹೇಳಿದ್ದು, ಕೊನೆಗೆ ಎಲ್ಲಕ್ಕಿಂತ ಹೆಚ್ಚಾಗಿ ಬಾಧಿಸುತ್ತಿದ್ದ ಸಂದೇಹ. ಬೇಲಿಯ ಮೇಲೆ ದಿನವೂ ಹಕ್ಕಿಗಳು ಕೂರುತ್ತವೆ. ಈ ಸಸಿಗಳು ನಾನು ಚೆಲ್ಲಿದ ಮಣ್ಣಿನಿಂದಲೇ ಎದ್ದುವೋ, ಅಥವಾ ಯಾವುದೋ ಬೆಟ್ಟದ ಹಣ್ಣು ತಿಂದ ಹಕ್ಕಿ ಹಾಕಿಹೋದುವೋ, ಯಾರು ಬಲ್ಲರು? ನಿಮ್ಮ ತಾಯಿಯ ಮರದ ಸಂತತಿಯೆಂದು ಆಣೆಯಿಟ್ಟು ಹೇಳಲಾರೆ ಎಂದೆ.

ದೊಡ್ಡಕ್ಕ ಬಹಳ ಹೊತ್ತು ಸಸಿಯನ್ನು ನೋಡಿದರು. ಕುಂಡದ ವಿಷಯವನ್ನು ಎತ್ತಲೇ ಇಲ್ಲ. “ನಮ್ಮ ತಾಯಿ ತೊರೆಯ ದಂಡೆಯಿಂದ ಕಿತ್ತು ತಂದಳಲ್ಲ, ಆ ಸಸಿಯನ್ನು ಯಾರು ಬಿತ್ತಿದ್ದರು?” ಎಂದು ಕೇಳಿದರು. ನಾನು ಸುಮ್ಮನಿದ್ದೆ. “ಹಕ್ಕಿಯೆ. ಅದೂ ಯಾವ ಮರದ್ದೆಂದು ನಮಗೆ ಗೊತ್ತಿರಲಿಲ್ಲ. ನೆಟ್ಟ ಮೇಲೆ ನಮ್ಮದಾಯಿತು” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಹತ್ತನ್ನೂ ಹಂಚಿದಿರಾ?” ಎಂದು ವಿಚಾರಿಸಿದರು.

ಹತ್ತನ್ನೂ ಹಂಚಿದೆ. ಅಕ್ಟೋಬರಿನಲ್ಲಿ ಎಲೆಯುದುರಿದ ಮೇಲೆ ಸಸಿ ಕೀಳುವುದು ಕ್ಷೇಮವೆಂದು, ಅಲ್ಲಿಯವರೆಗೆ ಕಾದೆ. ಮೊದಲನೆಯದು ದೊಡ್ಡಕ್ಕನ ಮನೆಯನ್ನು ಕೊಂಡ ಎಳೆಯ ದಂಪತಿಗಳಿಗೆ; ಅವರು ಹಳೆಯ ಬೊಡ್ಡೆಯ ಪಕ್ಕದಲ್ಲಿಯೇ ನೆಟ್ಟರು. ಎರಡು ಮೊಮ್ಮಗಳ ಶಾಲೆಯ ಅಂಗಳಕ್ಕೆ. ಒಂದು ದೊಡ್ಡಕ್ಕನ ಮಗಳಿಗೆ. ಐದು ಬೀದಿಯ ಬೇರೆ ಬೇರೆ ಮನೆಗಳಿಗೆ. ಎಲ್ಲರ ಬಳಿಯೂ ಕಾಶ್ಮೀರದ ಮರವಿತ್ತು, ತಮ್ಮ ಬೆಟ್ಟದ ಮರವೇ ಇರಲಿಲ್ಲ. ಒಂದು ಮಗನ ಹಿತ್ತಿಲಿನಲ್ಲಿ ಎದ್ದ ಜಾಗದಲ್ಲಿಯೇ ಉಳಿಯಿತು. ಹನ್ನೊಂದನೆಯದು ವೃದ್ಧಾಶ್ರಮದ ಕಿಟಕಿಯ ಹೊರಗೆ.

ಊರಿಗೆ ಹೊರಟಾಗ ನಾಲ್ಕು ಬೀಜ ಜೇಬಿಗೆ ಹಾಕಿಕೊಳ್ಳಬಾರದೆ ಎಂದು ಸ್ನೇಹಿತರು ಕೇಳಿದರು. ಹೊರದೇಶದ ಬೀಜವನ್ನು ಪರವಾನಗಿ, ರೋಗವಿಲ್ಲವೆಂಬ ಪ್ರಮಾಣಪತ್ರ ಇಲ್ಲದೆ ತರಕೂಡದೆಂದು ೨೦೦೩ರ ಸಸ್ಯ ಸಂಸರ್ಗನಿಷೇಧದ ಆದೇಶ ಹೇಳುತ್ತದೆ. ಅದು ನ್ಯಾಯವೂ ಹೌದು. ಸೇಬಿನ ಕುಲವನ್ನು ಸುಟ್ಟಂತೆ ಒಣಗಿಸುವ ‘ಬೆಂಕಿರೋಗ’ ಬ್ರಿಟನ್ನಿನಲ್ಲಿ ಮೊದಲು ಕಾಣಿಸಿಕೊಂಡುದು ೧೯೫೭ರಲ್ಲಿ. ರೋವನ್ನನ್ನೂ ಅದು ಬಿಡುವುದಿಲ್ಲ. ಕೊಡುವ ಕೈಯಿಂದ ರೋಗವೂ ಹೋಗಬಾರದಲ್ಲವೆ? ತಂದರೂ ನಮ್ಮ ಸಾಗರದ ಸೆಕೆಯಲ್ಲಿ ಅದಕ್ಕೆ ಚಳಿಗಾಲವನ್ನು ಎಲ್ಲಿಂದ ತರಲಿ? ರೋವನ್ ಅಲ್ಲಿಯೇ ಇರಲಿ. ಇಲ್ಲಿ, ನಮ್ಮ ಹಿತ್ತಿಲಿನಲ್ಲಿ, ಎರಡು ಅಪ್ಪೆಯ ಗಿಡಗಳಿವೆ. ತಂದೆಯವರ ಮರದ್ದಲ್ಲ, ಯಾರೋ ಪುಣ್ಯಾತ್ಮರು ಕೊಟ್ಟ ಕಡ್ಡಿಯ ಕಸಿ. ಕಡ್ಡಿ ಬೇಕೆಂದವರು ಮಳೆಗಾಲ ಹಿಡಿದ ಮೇಲೆ ಬರಬಹುದು, ಕಾಫಿಯನ್ನೂ ಕೊಡುತ್ತೇನೆ.

ಹೊರಡುವ ಮುನ್ನಾ ದಿನ ಮೊಮ್ಮಗಳೂ ನಾನೂ ಸೇರಿ ಕಾಶ್ಮೀರದ ಬಿಳಿಹಣ್ಣಿನ ಬೀಜವನ್ನು ನಾಲ್ಕು ಕುಂಡಗಳಲ್ಲಿ ಬಿತ್ತಿ, ಬೀದಿಯಲ್ಲಿ ಹೊಸದಾಗಿ ಬಂದ ನಾಲ್ಕು ಮನೆಗಳ ಮೆಟ್ಟಿಲ ಮೇಲೆ ಇಟ್ಟುಬಂದೆವು. ಪ್ರತಿಯೊಂದಕ್ಕೂ ಒಂದು ಚೀಟಿ ಕಟ್ಟಿದೆವು. ಮರದ ಹೆಸರನ್ನು ಅವಳು ಬರೆದಳು. ಕೆಳಗಿನ ಸಾಲನ್ನು ಮಾತ್ರ ನಾನೇ, ಹಲಗೆಯ ಮೇಲೆ ಬರೆಯುವಂತೆ ದಪ್ಪಕ್ಷರದಲ್ಲಿ ಬರೆದೆ: ‘೨೦೨೬ರ ಬೇಸಗೆ ಮುಗಿಯುವವರೆಗೆ ಮಣ್ಣನ್ನು ಚೆಲ್ಲಕೂಡದ��.’